ನಿಲ್ಲದೆ ಓಡಿದ ಇಪ್ಪತ್ತೆಂಟು ವರ್ಷ

ವಾಷಿಂಗ್ಟನ್ ಮೆಟ್ರೋದ ರೆಡ್ ಲೈನ್ ಹತ್ತಿ ಯೂನಿಯನ್ ಸ್ಟೇಷನ್ನಿನಿಂದ ಉತ್ತರಕ್ಕೆ ಹೊರಟರೆ, ರೈಲು ನೆಲದಡಿಯಿಂದ ಮೇಲಕ್ಕೆ ಬರುತ್ತೆ. ಮುಂದಿನ ನಿಲ್ದಾಣವೇ ನೋಮಾ-ಗ್ಯಾಲಡೆಟ್. ಸುತ್ತಲೂ ಗಾಜಿನ ಆಫೀಸುಗಳು, ಅಪಾರ್ಟ್‌ಮೆಂಟುಗಳು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ನಿಲ್ದಾಣ ಮೊದಲಿಂದಲೂ ಇತ್ತು ಅನ್ನಿಸಬಹುದು. ಇರಲಿಲ್ಲ.

ಈ ಮೆಟ್ರೋ ಶುರುವಾಗಿದ್ದು 1976ರ ಮಾರ್ಚ್ 27ರಂದು. ಅವತ್ತು ರೈಲು ಓಡಿದ್ದು ಫ್ಯಾರಗಟ್ ನಾರ್ತ್‌ನಿಂದ ರೋಡ್ ಐಲೆಂಡ್ ಅವೆನ್ಯೂವರೆಗೆ, ಅಂದರೆ ಇದೇ ಜಾಗದ ಮೂಲಕ. ಆದರೆ ಇಲ್ಲಿ ನಿಲ್ಲಲಿಲ್ಲ. ಆಗ ಇಲ್ಲಿ ಹೆಚ್ಚಾಗಿ ಇದ್ದದ್ದು ರೈಲ್ವೆ ಹಳಿಗಳು, ಗೋದಾಮುಗಳು.

ಹಾಗಂತ ಜಾಗ ಖಾಲಿಯೇನೂ ಇರಲಿಲ್ಲ. ಹಳಿಗೆ ಅಂಟಿಕೊಂಡಂತೆ ಯುಲೈನ್ ಅರೀನಾ ಇತ್ತು. 1964ರ ಫೆಬ್ರುವರಿ 11ರಂದು ಬೀಟಲ್ಸ್ ತಂಡ ಅಮೆರಿಕದಲ್ಲಿ ತನ್ನ ಮೊದಲ ಕಛೇರಿ ಕೊಟ್ಟದ್ದು ಅಲ್ಲೇ. ಸ್ವಲ್ಪ ದೂರ ನಡೆದರೆ ಕಿವುಡ ವಿದ್ಯಾರ್ಥಿಗಳ ಗ್ಯಾಲಡೆಟ್ ವಿಶ್ವವಿದ್ಯಾಲಯ. ಅದಕ್ಕೆ ಪದವಿ ಕೊಡುವ ಅಧಿಕಾರ ಸಿಕ್ಕಿದ್ದು 1864ರಲ್ಲಿ, ಅಬ್ರಹಾಂ ಲಿಂಕನ್ ಸಹಿಯಿಂದ. ಮೆಟ್ರೋಗಿಂತ ನೂರು ವರ್ಷಕ್ಕೂ ಹಳೆಯ ಸಂಸ್ಥೆ. ಆದರೂ ರೈಲು ಹತ್ತಿರದಲ್ಲೇ ಹಾದುಹೋಗ್ತಿತ್ತು, ನಿಲ್ತಿರಲಿಲ್ಲ.

ಕೊನೆಗೆ ನಿಲ್ದಾಣ ತೆರೆದದ್ದು 2004ರ ನವೆಂಬರ್ 20ರಂದು. ಓಡುತ್ತಿರುವ ಲೈನಿನ ಎರಡು ನಿಲ್ದಾಣಗಳ ಮಧ್ಯೆ ಹೊಸದೊಂದನ್ನು ಸೇರಿಸಿದ್ದು ವಾಷಿಂಗ್ಟನ್ನಿನಲ್ಲಿ ಅದೇ ಮೊದಲು. ಖರ್ಚು ಸುಮಾರು 10 ಕೋಟಿ ಡಾಲರ್. ಅದರಲ್ಲಿ ಎರಡೂವರೆ ಕೋಟಿ ಕೇಂದ್ರ ಸರ್ಕಾರದ್ದು. ಇನ್ನೂ ಎರಡೂವರೆ ಕೋಟಿಯನ್ನು ಸುತ್ತಲಿನ ಜಮೀನಿನ ಮಾಲೀಕರೇ ವಿಶೇಷ ತೆರಿಗೆಯ ರೂಪದಲ್ಲಿ ಕೊಡಲು ಒಪ್ಪಿದರು. ಉಳಿದದ್ದು ಡಿಸಿ ಸರ್ಕಾರದ್ದು.

ಮಾಲೀಕರು ಒಪ್ಪಿದ್ದೇಕೆ? ನಿಲ್ದಾಣ ಬಂದರೆ ನೆಲದ ಬೆಲೆ ಏರುತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ಇದರಲ್ಲಿ ನ್ಯಾಯವೂ ಇದೆ: ಜನರ ದುಡ್ಡಿನ ರೈಲಿನಿಂದ ಲಾಭ ಪಡೆಯುವವರು ಒಂದು ಪಾಲು ಹಾಕಬೇಕಲ್ವಾ? ಆದರೆ ಇನ್ನೊಂದು ಮುಖವೂ ಇದೆ. ಪಾಲು ಹಾಕಬಲ್ಲವರ ಮಾತಿಗೆ ತೂಕ ಹೆಚ್ಚು. ಬೆಲೆ ಏರಿದಾಗ ಬಾಡಿಗೆಯೂ ಏರುತ್ತೆ, ಅದನ್ನು ಕಟ್ಟಬೇಕಾದವರು ಆ ಮಾತುಕತೆಯಲ್ಲಿ ಇರೋದು ಕಡಿಮೆ.

ಹೆಸರಿನಲ್ಲೂ ಈ ಚರಿತ್ರೆ ಕಾಣುತ್ತೆ. ಮೊದಲ ಹೆಸರು ನ್ಯೂಯಾರ್ಕ್ ಅವೆನ್ಯೂ-ಫ್ಲೋರಿಡಾ ಅವೆನ್ಯೂ-ಗ್ಯಾಲಡೆಟ್: ಎರಡು ಹಳೆಯ ರಸ್ತೆ, ಒಂದು ಹಳೆಯ ಸಂಸ್ಥೆ. 2012ರಲ್ಲಿ ರಸ್ತೆಗಳ ಹೆಸರು ಹೋಗಿ ನೋಮಾ ಬಂತು. ಮ್ಯಾಸಚೂಸೆಟ್ಸ್ ಅವೆನ್ಯೂವಿನ ಉತ್ತರ ಭಾಗ ಅನ್ನೋದರ ಇಂಗ್ಲಿಷ್ ಚುಟುಕು ಅದು, ಹೊಸ ಬಡಾವಣೆಗೆ ಕೊಟ್ಟ ಹೊಸ ಹೆಸರು. ಗ್ಯಾಲಡೆಟ್ ಮಾತ್ರ ಕೊನೆಯಲ್ಲಿ ಹಾಗೇ ಉಳೀತು.

ಅದೇ ಊರಿನ ಮೆಟ್ರೋದಲ್ಲಿ 2023ರ ಮೇ 19ರಂದು ಪೊಟೋಮ್ಯಾಕ್ ಯಾರ್ಡ್ ಹೀಗೇ ಸೇರಿಕೊಂಡಿತು. ಸಿಂಗಾಪುರದ ಓದುಗರಿಗೆ 2019ರಲ್ಲಿ ಈಶೂನ್ ಮತ್ತು ಸೆಂಬವಾಂಗ್ ಮಧ್ಯೆ ಬಂದ ಕ್ಯಾನ್‌ಬೆರಾ ನೆನಪಿರಬಹುದು. ನಿಮ್ಮೂರಿನ ಲೈನಿನಲ್ಲೂ ಎರಡು ನಿಲ್ದಾಣಗಳ ನಡುವೆ ದೂರ ಜಾಸ್ತಿ ಅನ್ನಿಸಿದರೆ, ಕಿಟಕಿಯಾಚೆ ಒಮ್ಮೆ ನೋಡಿ. ಅಲ್ಲಿ ಯಾರ ಮನೆಗಳಿವೆ, ಅವರು ಈಗ ಎಲ್ಲಿವರೆಗೆ ನಡೆದು ರೈಲು ಹತ್ತುತ್ತಾರೆ? ಗೊತ್ತಾದರೆ ನಮಗೂ ಬರೆದು ತಿಳಿಸಿ.