ಬೇಟೆ, ಶಿಕಾರಿ, ಕಸುಬು: ಬಾಣಸವಾಡಿ ಸುತ್ತಿನ ಹಕ್ಕಿಬೇಟೆಯ ಚರಿತ್ರೆ

ಬೇಟೆ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ದಟ್ಟಡವಿಯ ಚಿತ್ರ. 1874ರಲ್ಲಿ ಸ್ಯಾಂಡರ್ಸನ್ ಚಾಮರಾಜನಗರದ ಸೀಮೆಯಲ್ಲಿ ನಡೆಸಿದ ಆನೆ ಖೆಡ್ಡಾ, 1954ರಿಂದ ಪ್ರಕಟವಾಗತೊಡಗಿದ ಕೆನೆತ್ ಆಂಡರ್ಸನ್ನರ ನರಭಕ್ಷಕ ಕಥನಗಳು, ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಇವೆಲ್ಲವೂ ಈ ಚಿತ್ರವನ್ನೇ ಗಟ್ಟಿಗೊಳಿಸಿವೆ. ಆದರೆ ಊರ ಅಂಚಿನ ಕೆರೆ, ಗದ್ದೆ, ಹೊಲದ ಬದುಗಳಲ್ಲಿ ನಡೆಯುತ್ತಿದ್ದ ಸಣ್ಣ ಬೇಟೆಗೂ ತನ್ನದೇ ಆದ ಚರಿತ್ರೆಯಿದೆ. ಕೌಜುಗ, ಲಾವಕ್ಕಿ, ಬೆಳವ, ಪಾರಿವಾಳ, ಬಾತು, ಸ್ನೈಪ್ ಮೊದಲಾದ ಹಕ್ಕಿಗಳ ಈ ಬೇಟೆಯು ಒಬ್ಬರಿಗೆ ಹಬ್ಬದ ಆಚರಣೆಯಾಗಿತ್ತು, ಇನ್ನೊಬ್ಬರಿಗೆ ಬಿಡುವಿನ ಹವ್ಯಾಸವಾಗಿತ್ತು, ಮತ್ತೊಬ್ಬರಿಗೆ ಹೊಟ್ಟೆಪಾಡಾಗಿತ್ತು. ಬೆಂಗಳೂರಿನ ದಂಡುಪ್ರದೇಶಕ್ಕೆ ಹೊಂದಿಕೊಂಡಿದ್ದ ಬಾಣಸವಾಡಿಯ ಸುತ್ತಿನ ನೆಲವನ್ನು ಕೇಂದ್ರವಾಗಿರಿಸಿಕೊಂಡು ಈ ಮೂರು ನೆಲೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲಿಗೆ ಊರ ಹೆಸರಿನ ಬಗೆಗೆ ಒಂದು ಮಾತು. ‘ಬಾಣಸವಾಡಿ’ಯಲ್ಲಿ ‘ಬಾಣ’ವನ್ನು ಕಂಡು ಅದನ್ನು ಬಿಲ್ಲುಬೇಟೆಯೊಂದಿಗೆ ಜೋಡಿಸುವ ಆಸೆ ಯಾರಿಗಾದರೂ ಬರಬಹುದು. ಆದರೆ ಹಳಗನ್ನಡದಲ್ಲಿ ‘ಬಾಣಸ’ ಎಂದರೆ ಅಡುಗೆಮನೆ; ‘ಬಾಣಸಿಗ’ ಎಂದರೆ ಅಡುಗೆಯವನು. ಹೆಸರು ಬೇಟೆಯ ಕಡೆಗಿಂತ ಒಲೆಯ ಕಡೆಗೇ ಹೆಚ್ಚು ವಾಲುತ್ತದೆ. ಆದ್ದರಿಂದ ಬೇಟೆಯ ಸಂಬಂಧವನ್ನು ನಾವು ಊರಿನ ಹೆಸರಿನಲ್ಲಿ ಅಲ್ಲ, ಅದರ ನೆಲದಲ್ಲಿ ಹುಡುಕಬೇಕಾಗುತ್ತದೆ.

ಬೆಂಗಳೂರಿನ ಹುಟ್ಟಿನ ಕಥೆಗಳಲ್ಲಿ ಬೇಟೆಗೆ ಪ್ರಮುಖ ಸ್ಥಾನವಿದೆ ಎಂಬುದು ಇಲ್ಲಿ ಗಮನಾರ್ಹ. ಬೇಟೆಗೆ ಹೋಗಿ ದಾರಿತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ನೀಡಿದಳೆಂಬುದು ಒಂದು ಐತಿಹ್ಯ. ಮೊಲವೊಂದು ಬೇಟೆನಾಯಿಯನ್ನೇ ತಿರುಗಿ ಅಟ್ಟಿಸಿಕೊಂಡು ಹೋದುದನ್ನು ಕಂಡ ಕೆಂಪೇಗೌಡ, ಇದು ಗಂಡುಭೂಮಿಯೆಂದು ಬಗೆದು 1537ರಲ್ಲಿ ಕೋಟೆ ಕಟ್ಟಿಸಿದನೆಂಬುದು ಇನ್ನೊಂದು. ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನದಲ್ಲಿಯೇ ‘ಬೆಂಗಳೂರು’ ಎಂಬ ಹೆಸರು ಬರುವುದರಿಂದ ಬಲ್ಲಾಳನ ಕಥೆ ಚರಿತ್ರೆಯಾಗಿ ನಿಲ್ಲುವುದಿಲ್ಲ. ಮೊಲ ನಾಯಿಯನ್ನು ಅಟ್ಟುವ ಆಶಯವಂತೂ ವಿಜಯನಗರದ ಸ್ಥಾಪನೆಯ ಕಥೆಯಲ್ಲಿಯೂ ಇದೆ. ಆದರೂ ಜನಪದರು ಊರೊಂದರ ಆರಂಭವನ್ನು ಕಲ್ಪಿಸಿಕೊಳ್ಳುವಾಗ ಉಳುಮೆಯನ್ನಾಗಲಿ ವ್ಯಾಪಾರವನ್ನಾಗಲಿ ಆಯ್ದುಕೊಳ್ಳದೆ ಬೇಟೆಯನ್ನೇ ಆಯ್ದುಕೊಂಡರೆಂಬುದು ಅರ್ಥಪೂರ್ಣವಾಗಿದೆ. ಒಂದು ನೆಲದ ಗುಣವನ್ನು ಮೊದಲು ಅರಿಯುವವನು ಬೇಟೆಗಾರ ಎಂಬ ನಂಬಿಕೆ ಇದರ ಹಿಂದಿದೆ.

ಬೇಟೆಯನ್ನು ವಿನೋದವೆಂದು ಪರಿಗಣಿಸುವ ಪರಂಪರೆಯೂ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ವಿನೋದಗಳನ್ನು ವರ್ಣಿಸುವಾಗ ಮೃಗಯೆಯ ಜೊತೆಗೆ ಲಾವಕ್ಕಿ, ಪಾರಿವಾಳ, ಡೇಗೆ, ನಾಯಿಗಳ ವಿನೋದಗಳಿಗೂ ಪ್ರತ್ಯೇಕ ಸ್ಥಾನ ನೀಡಿದೆ. ಕ್ರಿ.ಶ. 949-50ರ ಆತಕೂರು ಶಾಸನವು ಕಾಡುಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಯ ಸ್ಮಾರಕವಾಗಿದ್ದು, ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಹಂದಿಯೂ ನಾಯಿಯೂ ಸಮಾನ ವೀರರೆಂಬಂತೆ ಒಂದೇ ಕಲ್ಲಿನಲ್ಲಿ ಎದುರುಬದುರಾಗಿ ನಿಂತಿವೆ.

ಹಳ್ಳಿಗಳಲ್ಲಿ ಬೇಟೆಯು ಋತುಮಾನದ ಆಚರಣೆಯಾಗಿತ್ತು. ಬೆಂಗಳೂರು, ಕೋಲಾರ ಸೀಮೆಗಳಲ್ಲಿ ಯುಗಾದಿಯ ಸಂದರ್ಭದಲ್ಲಿ ಊರವರು ಒಟ್ಟಾಗಿ ಬೇಟೆಗೆ ಹೊರಡುವ ರೂಢಿಯಿತ್ತು. ಯುಗಾದಿಯ ಮರುದಿನದ ಹೊಸತೊಡಕಿನ ಮಾಂಸದೂಟವು ಇಂದಿಗೂ ಈ ಭಾಗದಲ್ಲಿ ಉಳಿದುಬಂದಿದೆ. ಈ ಬೇಟೆಯ ಸಲಕರಣೆಗಳು ಸರಳವಾದವು: ಬಲೆ, ಉರುಲು, ಅಂಟು, ಕವಣೆ, ದೊಣ್ಣೆ, ನಾಯಿ. ಪಳಗಿಸಿದ ಕೌಜುಗವನ್ನು ಕೂಗಿಸಿ ಕಾಡುಕೌಜುಗವನ್ನು ಸೆಳೆಯುವ ‘ದೀವ’ದ ಹಕ್ಕಿಯ ವಿಧಾನದಲ್ಲಿ ಹಕ್ಕಿಯ ಕೂಗು, ಅದರ ನೆಲೆಯ ಮೇಲಿನ ಹಟ, ಜೊತೆಗಾಗಿ ಕಾತರಿಸುವ ಕಾಲ ಇವೆಲ್ಲದರ ಸೂಕ್ಷ್ಮ ತಿಳಿವಳಿಕೆ ಅಡಗಿದೆ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, 1809ರ ವೇಳೆಗೆ ಬ್ರಿಟಿಷ್ ಸೇನೆಯ ದಂಡು ಬೆಂಗಳೂರಿನ ಹಲಸೂರು ಭಾಗಕ್ಕೆ ಬಂದು ನೆಲೆಸಿತು. ಇದರಿಂದ ಈ ನೆಲದಲ್ಲಿ ಇನ್ನೊಂದು ಬಗೆಯ ಬೇಟೆ ಕಾಲಿಟ್ಟಿತು. ದಂಡಿನ ಗಡಿ ದಾಟಿದರೆ ಬಾಣಸವಾಡಿ, ಹೆಣ್ಣೂರು, ಹೊರಮಾವು, ಕಲ್ಕೆರೆಗಳಂತಹ ಹಳ್ಳಿಗಳು, ಅವುಗಳ ಕೆರೆಗಳು, ಕೆರೆಯ ಕೆಳಗಿನ ಅಚ್ಚುಕಟ್ಟು ಗದ್ದೆಗಳು, ಅದರಾಚೆಗೆ ರಾಗಿ, ಹುರುಳಿಯ ಬೆದ್ದಲು ಹೊಲಗಳು. ಮುಂಜಾನೆ ಕುದುರೆಯೇರಿ ಹೊರಟವರು ಬಿಸಿಲೇರುವ ಮುನ್ನ ಹಿಂದಿರುಗಬಹುದಾದಷ್ಟು ಹತ್ತಿರ. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಸ್ನೈಪ್ ಹಕ್ಕಿಗೆ ಬೇಕಾದದ್ದು ಇಂತಹ ಹಸಿನೆಲವೇ. ಕೆಸರಿನಲ್ಲಿ ತನ್ನ ಉದ್ದ ಕೊಕ್ಕನ್ನು ಊರಿ ಹುಳು ಹುಡುಕುವ ಈ ಹಕ್ಕಿ, ಕಾಲ ಬಳಿ ಬರುವವರೆಗೂ ಅಡಗಿದ್ದು ಥಟ್ಟನೆ ಚಿಮ್ಮಿ ಅಂಕುಡೊಂಕಾಗಿ ಹಾರುತ್ತದೆ. ಗುರಿಯಿಡುವುದು ಕಷ್ಟವಾದ್ದರಿಂದಲೇ ಅದು ಸೇನಾಧಿಕಾರಿಗಳ ಮೆಚ್ಚಿನ ಬೇಟೆಯಾಯಿತು. ಮರೆಯಲ್ಲಿದ್ದು ಗುರಿಯಿಟ್ಟು ಹೊಡೆಯುವ ಸೈನಿಕನಿಗೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಸ್ನೈಪರ್’ ಎಂಬ ಹೆಸರು 18ನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಈ ಹಕ್ಕಿಬೇಟೆಯಿಂದಲೇ ಹುಟ್ಟಿತು.

ಈ ಹವ್ಯಾಸದ ಕ್ರಮವನ್ನು ಗಮನಿಸಿದರೆ ಅದರೊಳಗಿನ ಶ್ರಮವಿಭಜನೆ ಸ್ಪಷ್ಟವಾಗುತ್ತದೆ. ಜೋಡುನಳಿಗೆ ಕೋವಿ ಹಿಡಿದವನು ಸಾಹೇಬ. ಗದ್ದೆಯಲ್ಲಿ ಸಾಲಾಗಿ ನಡೆದು ಹಕ್ಕಿಯನ್ನು ಎಬ್ಬಿಸುವವರು, ಚರೆ ತಗುಲಿ ಬಿದ್ದುದನ್ನು ಕೆಸರಿನಲ್ಲಿ ಹುಡುಕಿ ತರುವವರು ಹಳ್ಳಿಯವರು. ಯಾವ ಕೆರೆಯಲ್ಲಿ ಈ ವಾರ ಬಾತು ಇಳಿದಿದೆ, ಯಾವ ಗದ್ದೆಯಲ್ಲಿ ನೀರು ಇಂಗಿದೆ ಎಂಬ ಸುದ್ದಿಯೂ ಅವರದೇ. ಆದರೆ ಸಾಹೇಬರ ದಿನಚರಿಗಳಲ್ಲಿ ದಾಖಲಾಗುತ್ತಿದ್ದುದು ಹೊಡೆದವನ ಹೆಸರು ಮತ್ತು ಬಿದ್ದ ಹಕ್ಕಿಗಳ ಲೆಕ್ಕ. ಈ ಲೆಕ್ಕದ ಹುಚ್ಚು ಎಲ್ಲಿಗೆ ಮುಟ್ಟಿತೆಂಬುದಕ್ಕೆ 1938ರ ನವೆಂಬರಿನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಭಾಗವಹಿಸಿದ ಭರತಪುರದ ಬೇಟೆ ನಿದರ್ಶನ. ಅಲ್ಲಿ ಒಂದೇ ದಿನ 4,273 ಹಕ್ಕಿಗಳನ್ನು ಕೊಲ್ಲಲಾಯಿತು.

ಪಾರಿವಾಳದ ವಿಷಯ ಇನ್ನೂ ಕುತೂಹಲಕರ. 19ನೆಯ ಶತಮಾನದ ಇಂಗ್ಲೆಂಡಿನ ಶ್ರೀಮಂತ ಕ್ಲಬ್ಬುಗಳಲ್ಲಿ ಪೆಟ್ಟಿಗೆಯಿಂದ ಜೀವಂತ ಪಾರಿವಾಳವನ್ನು ಹಾರಿಬಿಟ್ಟು ಗುಂಡು ಹೊಡೆಯುವುದು ಪಂದ್ಯವಾಗಿತ್ತು. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿಯೂ ಇದು ನಡೆಯಿತು. 1880ರಲ್ಲಿ ಅಮೆರಿಕದ ಲಿಗೋವ್ಸ್ಕಿ ಮಣ್ಣಿನ ಬಿಲ್ಲೆಯನ್ನು ರೂಪಿಸಿದ ನಂತರ ಹಕ್ಕಿಯ ಜಾಗಕ್ಕೆ ಕ್ರಮೇಣ ಬಿಲ್ಲೆ ಬಂದಿತು. ಆದರೂ ‘ಕ್ಲೇ ಪಿಜನ್’ ಎಂಬ ಹೆಸರಿನಲ್ಲಿ ಹಕ್ಕಿ ಉಳಿದುಕೊಂಡಿತು. ನಮ್ಮ ಕಥಾಪರಂಪರೆಯ ಪಾರಿವಾಳವೇ ಬೇರೆ. ಮಹಾಭಾರತದ ಶಾಂತಿಪರ್ವದ ಕಪೋತವು ತನ್ನ ಹೆಣ್ಣುಹಕ್ಕಿಯನ್ನು ಹಿಡಿದ ಬೇಡನನ್ನೇ ಅತಿಥಿಯೆಂದು ಬಗೆದು, ಅವನ ಹಸಿವಿಗಾಗಿ ಬೆಂಕಿಗೆ ಹಾರುತ್ತದೆ. ಪಂಚತಂತ್ರದ ಪಾರಿವಾಳಗಳು ಬಲೆಯ ಸಮೇತ ಒಟ್ಟಾಗಿ ಹಾರಿಹೋಗುತ್ತವೆ. ಹಕ್ಕಿಯನ್ನು ಕೊಂದು ತಿನ್ನುವ ಸಮಾಜವೇ ಆ ಹಕ್ಕಿಯ ಕಡೆಯಿಂದಲೂ ಕಥೆ ಹೇಳಬಲ್ಲದೆಂಬುದಕ್ಕೆ ಇವು ಸಾಕ್ಷಿ. ಶಿವಾಜಿನಗರದಿಂದ ಬಾಣಸವಾಡಿಯವರೆಗೆ ತಾರಸಿಗಳ ಮೇಲೆ ಗೂಡು ಕಟ್ಟಿ ಪಾರಿವಾಳ ಸಾಕಿ, ಪಂದ್ಯಕ್ಕೆ ಹಾರಿಸುವ ಹವ್ಯಾಸವು ಈ ನಂಟಿನ ಇನ್ನೊಂದು ಮುಖವಾಗಿದೆ.

ಭಾಷೆಯೂ ಈ ಬದಲಾವಣೆಯನ್ನು ದಾಖಲಿಸಿದೆ. ಪಾರಸಿ ಮೂಲದ ‘ಶಿಕಾರಿ’ ಎಂಬ ಮಾತಿಗೆ ಮೂಲದಲ್ಲಿ ಬೇಟೆಗಾರ ಎಂದರ್ಥ. ಕನ್ನಡದಲ್ಲಿ ಅದು ಬೇಟೆಯೆಂಬ ಕ್ರಿಯೆಗೇ ಹೆಸರಾಯಿತು; ‘ಶಿಕಾರಿ ಮಾಡು’, ‘ಶಿಕಾರಿಗೆ ಹೋಗು’ ಎನ್ನುತ್ತೇವೆ. ಊರೊಟ್ಟಿನ ಹಬ್ಬದ್ದು ಬೇಟೆಯಾಗಿಯೇ ಉಳಿಯಿತು. ಕೋವಿ, ತೋಟಾ, ಪರವಾನಗಿಗಳೊಂದಿಗೆ ಒಬ್ಬಂಟಿಯಾಗಿ ಹೋಗುವುದು ಶಿಕಾರಿಯಾಯಿತು. 1878ರ ಆಯುಧ ಕಾಯಿದೆಯು ಪರವಾನಗಿಯಿಲ್ಲದೆ ಕೋವಿ ಹೊಂದುವುದನ್ನು ಭಾರತೀಯರಿಗೆ ನಿಷೇಧಿಸಿ ಯುರೋಪಿಯನ್ನರಿಗೆ ವಿನಾಯಿತಿ ನೀಡಿದ್ದು ಈ ಅಂತರವನ್ನು ಹಿಗ್ಗಿಸಿತು. ಬೇಟೆಯ ಪ್ರಾಣಿಪಕ್ಷಿಗಳು ಮತ್ತು ಮೀನುಗಳ ರಕ್ಷಣೆಗಾಗಿ ಮೈಸೂರು ಸಂಸ್ಥಾನವು 1901ರಲ್ಲಿ ಕಾನೂನನ್ನು ಜಾರಿಗೆ ತಂದಿತು. ರಕ್ಷಣೆಯ ಉದ್ದೇಶ ಮೆಚ್ಚತಕ್ಕದ್ದೇ. ಆದರೆ ಪರವಾನಗಿಯೆಂಬುದು ಓದುಬರಹ, ಹಣ, ಪರಿಚಯಗಳುಳ್ಳವರಿಗೆ ಎಟುಕುವ ವಸ್ತುವಾಗಿತ್ತೆಂಬುದನ್ನು ಮರೆಯುವಂತಿಲ್ಲ.

ಮೂರನೆಯ ನೆಲೆ ಕಸುಬಿನದು. ಹಕ್ಕಿ ಹಿಡಿಯುವುದನ್ನೇ ಬದುಕಾಗಿಸಿಕೊಂಡು, ಆ ಕಸುಬಿನ ಹೆಸರನ್ನೇ ಕುಲದ ಹೆಸರಾಗಿ ಪಡೆದವರು ಹಕ್ಕಿಪಿಕ್ಕಿಗಳು. ವಾಗ್ರಿ ಮಾತನಾಡುವ ಈ ಅಲೆಮಾರಿಗಳು ಬಲೆ, ಉರುಲುಗಳ ನಿಪುಣರು. ಇವರನ್ನು ನೆಲೆಗೊಳಿಸಿದ ಹುಣಸೂರು ಬಳಿಯ ಊರಿಗೆ ‘ಪಕ್ಷಿರಾಜಪುರ’ ಎಂದೇ ಹೆಸರು. ಬನ್ನೇರುಘಟ್ಟದ ಬಳಿಯೂ ಇವರ ವಸತಿಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಬಿಗಿಯಾಗಿ ನಿಯಂತ್ರಿಸಿತಾದರೂ ಸಣ್ಣಬೇಟೆಗೆ ಪರವಾನಗಿ ಪಡೆಯುವ ಅವಕಾಶವನ್ನು ಉಳಿಸಿತ್ತು. 1991ರ ತಿದ್ದುಪಡಿಯು ಅದನ್ನೂ ಕೊನೆಗೊಳಿಸಿತು. ಹವ್ಯಾಸಿಗೆ ಇದರಿಂದ ಆದದ್ದು ಒಂದು ಬಿಡುವಿನ ಸಂತೋಷದ ನಷ್ಟ. ಅವನು ಕೋವಿಯನ್ನು ಗೋಡೆಗೆ ತೂಗುಹಾಕಿ ಗಾಲ್ಫ್ ಆಡಬಹುದಾಗಿತ್ತು. ಹಕ್ಕಿಪಿಕ್ಕಿಗೆ ಆದದ್ದು ಅನ್ನದ ನಷ್ಟ. ಅವರು ಗಿಡಮೂಲಿಕೆ, ಕೇಶತೈಲ, ಪ್ಲಾಸ್ಟಿಕ್ ಹೂವುಗಳ ಮಾರಾಟಕ್ಕೆ ತಿರುಗಿದರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಅಂತರ್ಯುದ್ಧದಲ್ಲಿ ಸಿಲುಕಿದ ಕನ್ನಡನಾಡಿನವರಲ್ಲಿ ಮೂಲಿಕೆ ಮಾರಲು ಹೋದ ಹಕ್ಕಿಪಿಕ್ಕಿಗಳೂ ಇದ್ದರೆಂಬ ಸುದ್ದಿ ಬಂದಾಗ, ಅವರು ಅಷ್ಟು ದೂರ ಹೋದದ್ದೇಕೆಂದು ಹಲವರು ಅಚ್ಚರಿಪಟ್ಟರು. ಅದಕ್ಕೆ ಉತ್ತರದ ಒಂದು ಭಾಗ ಈ ಕಾನೂನಿನ ಚರಿತ್ರೆಯಲ್ಲಿದೆ.

ಕಾನೂನು ಬೇಡವಾಗಿತ್ತೆಂದು ಇದರ ಅರ್ಥವಲ್ಲ. ಹಕ್ಕಿಗಳಿಗೆ ರಕ್ಷಣೆ ಬೇಕಿತ್ತು, ಬೇಕಾಗಿದೆ. ಆದರೆ ಬೆಂಗಳೂರಿನ ಪೂರ್ವಭಾಗದಲ್ಲಿ ಹಕ್ಕಿಗಳ ನೆಲೆಯನ್ನು ಕಳೆದದ್ದು ಬಲೆಯೂ ಅಲ್ಲ, ಕೋವಿಯೂ ಅಲ್ಲ. ಚಲ್ಲಘಟ್ಟದ ಕೆರೆಯಂಗಳ ಗಾಲ್ಫ್ ಮೈದಾನವಾಯಿತು. ಬಾಣಸವಾಡಿ, ಹೆಣ್ಣೂರುಗಳ ನಡುವಿನ ಹೊಲಗದ್ದೆಗಳು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಎಚ್.ಆರ್.ಬಿ.ಆರ್. ಬಡಾವಣೆಯಾದವು. ಅಚ್ಚುಕಟ್ಟು ಹೋದ ಮೇಲೆ ಸ್ನೈಪಿಗೆ ಇಳಿಯಲು ಕೆಸರಿಲ್ಲ. ಹುರುಳಿಹೊಲ ಹೋದ ಮೇಲೆ ಕೌಜುಗಕ್ಕೆ ಅಡಗಲು ಬದುವಿಲ್ಲ. ಕೊಲ್ಲುವುದನ್ನು ಅಪರಾಧವೆಂದ ಕಾಲದಲ್ಲಿಯೇ ನೆಲೆ ತಪ್ಪಿಸುವುದು ಅಭಿವೃದ್ಧಿಯೆನಿಸಿತು.

ನೋಟದ ದಿಕ್ಕು ಬದಲಾದದ್ದೂ ಉಂಟು. ಬಾಲ್ಯದಲ್ಲಿ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯೊಂದರ ಗುರುತು ಹುಡುಕುತ್ತ ಪಕ್ಷಿಶಾಸ್ತ್ರಕ್ಕೆ ಬಂದ ಸಲೀಂ ಅಲಿಯವರು, ಮುಂದೆ ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಯನ್ನು ನಡೆಸಿ 1942-43ರಲ್ಲಿ ಪ್ರಕಟಿಸಿದರು. 1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿ ಗಣತಿಯ ಕಾರ್ಯಕರ್ತರು ಜನವರಿಯ ಮುಂಜಾವಿನಲ್ಲಿ ಕೆರೆಯ ಏರಿಯ ಮೇಲೆ ನಿಂತು ಹಕ್ಕಿಗಳನ್ನು ಎಣಿಸುತ್ತಾರೆ. ಶಿಕಾರಿಯವರದೂ ಅದೇ ಋತು, ಅದೇ ಹೊತ್ತು, ಅದೇ ಏರಿಯಾಗಿತ್ತು. ಅವರದೂ ಎಣಿಕೆಯೇ ಆಗಿತ್ತು.

ಈ ಎರಡು ಎಣಿಕೆಗಳ ನಡುವೆ ದಾಖಲಾಗದೆ ಉಳಿದಿರುವುದು ಹಳ್ಳಿಗರ ಹಾಗೂ ಹಕ್ಕಿಪಿಕ್ಕಿಗಳ ಅರಿವು: ಹಕ್ಕಿಗಳ ದೇಸೀ ಹೆಸರುಗಳು, ಕೂಗುಗಳ ಅನುಕರಣೆ, ಬಲೆಯ ಕಣ್ಣಿನ ಅಳತೆ, ಮೊಟ್ಟೆಯಿಡುವ ತಿಂಗಳಿನಲ್ಲಿ ಕೈತಡೆಯುವ ಕಟ್ಟುಪಾಡು. ಬಲೆ ಹೆಣೆದ ಕೈಗಳು ಇನ್ನೂ ಇರುವಾಗಲೇ ಈ ಪದಕೋಶವನ್ನು ಸಂಗ್ರಹಿಸುವುದು ಜಾನಪದ ಅಧ್ಯಯನದ ತುರ್ತು ಕೆಲಸವಾಗಿದೆ. ಇಂದು ಬಾಣಸವಾಡಿಯ ಬಹುಮಹಡಿ ಮನೆಗಳ ಬಾಲ್ಕನಿಗಳಲ್ಲಿಯೂ ಪಾರಿವಾಳದ ಬಲೆ ಕಾಣುತ್ತದೆ. ಅದು ಹಕ್ಕಿಯನ್ನು ಹಿಡಿಯುವುದಕ್ಕಲ್ಲ, ಹತ್ತಿರ ಸುಳಿಯದಂತೆ ತಡೆಯುವುದಕ್ಕೆ.