ಮರಳುಗಾಡಿನ ಬಗ್ಗಿಗೆ ಎಷ್ಟು ಕಿಡಿ ಬೇಕು?

1967ರ ಏಪ್ರಿಲ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ತಮ್ಮ ಗೆಳೆಯ ಟೆಡ್ ಮ್ಯಾಂಗಲ್ಸ್ ಜೊತೆಗೂಡಿ ಒಂದು ಸಾಹಸ ಮಾಡಿದರು. ಮೆಕ್ಸಿಕೋದ ಬಾಹಾ ಪರ್ಯಾಯದ್ವೀಪದ ತುದಿಯಲ್ಲಿರುವ ಲಾ ಪಾಜ್ ಊರಿನಿಂದ ಅಮೆರಿಕದ ಗಡಿಯ ತಿಹುವಾನಾದವರೆಗೆ, ಕಲ್ಲು ಮರಳುಗಳ ಹಾದಿಯಲ್ಲಿ, ಬಾಗಿಲೇ ಇಲ್ಲದ ಒಂದು ಪುಟ್ಟ ಕೆಂಪು ವಾಹನವನ್ನು 34 ಗಂಟೆ 45 ನಿಮಿಷಗಳಲ್ಲಿ ಓಡಿಸಿದರು. ಅದೇ ಊರುಗಳ ನಡುವೆ 1962ರಲ್ಲಿ ಹೋಂಡಾ ಮೋಟಾರ್ ಸೈಕಲ್ಲಿನ ಮೇಲೆ ಡೇವ್ ಎಕಿನ್ಸ್ ಸ್ಥಾಪಿಸಿದ್ದ ದಾಖಲೆ ಐದು ಗಂಟೆಗಳಿಗೂ ಹೆಚ್ಚಿನ ಅಂತರದಿಂದ ಮುರಿದುಬಿತ್ತು. ಅದೇ ವರ್ಷದ ನವೆಂಬರಿನಲ್ಲಿ ನಡೆದ ಮೊದಲ 'ಮೆಕ್ಸಿಕನ್ 1000' ಪಂದ್ಯವನ್ನು ಗೆದ್ದದ್ದೂ ಇದೇ ಜಾತಿಯ ಬಗ್ಗಿ; ತೆಗೆದುಕೊಂಡ ಕಾಲ 27 ಗಂಟೆ 38 ನಿಮಿಷ.

'ಮೇಯರ್ಸ್ ಮ್ಯಾಂಕ್ಸ್' ಎಂಬ ಈ ಬಗ್ಗಿ 1964ರಲ್ಲಿ ಹುಟ್ಟಿತು. ಮೇಯರ್ಸ್ ಮೂಲತಃ ಫೈಬರ್‌ಗ್ಲಾಸ್ ದೋಣಿಗಳ ಕೆಲಸಗಾರರು. ಅದೇ ವಸ್ತುವಿನಿಂದ ಹಗುರವಾದ ಒಡಲು ಮಾಡಿ ಅದರ ಹಿಂಬದಿಗೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನನ್ನು ಕೂರಿಸಿದರು. ಅವರ ವಾಹನವನ್ನು ನೋಡಿ ನಕಲು ಮಾಡಿದವರಿಗೆ ಲೆಕ್ಕವಿಲ್ಲ. ಮೇಯರ್ಸ್ ನ್ಯಾಯಾಲಯಕ್ಕೆ ಹೋದರೂ ಪೇಟೆಂಟ್ ಉಳಿಯಲಿಲ್ಲ.

ಬಗ್ಗಿಗಳ ಹಿಂದೆಯೇ ಬಿಡಿಭಾಗಗಳ ವ್ಯಾಪಾರವೂ ಬೆಳೆಯಿತು. ಜೊತೆಗೆ ಇಂದಿಗೂ ಕೇಳಿಬರುವ ಪ್ರಶ್ನೆಯೊಂದು ಹುಟ್ಟಿತು: ಹೆಚ್ಚು ಬಲದ ಕಾಯಿಲ್, ಬೇರೆ ಡಿಸ್ಟ್ರಿಬ್ಯೂಟರ್, ದುಬಾರಿ ಪ್ಲಗ್ ಹಾಕಿದರೆ ಬಗ್ಗಿ ಹೆಚ್ಚು ವೇಗವಾಗಿ ಓಡುತ್ತದೆಯೆ?

ಕಿಡಿಯ ಸಮಸ್ಯೆ ಪೆಟ್ರೋಲ್ ಎಂಜಿನ್ನಿನಷ್ಟೇ ಹಳೆಯದು. ಡೈಮ್ಲರರ ಮೊದಲ ಎಂಜಿನ್ನುಗಳಲ್ಲಿ ಕೆಂಪಗೆ ಕಾಯಿಸಿದ ಕೊಳವೆಯೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತಿತ್ತು. 1902ರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಸಂಸ್ಥೆಯ ಗಾಟ್‌ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ ಜೋಡಿಯನ್ನು ರೂಪಿಸಿದ ಮೇಲೆ ನಂಬಬಹುದಾದ ಕಿಡಿ ದೊರೆಯಿತು. (ನಮ್ಮವರಿಗೆ ಪರಿಚಿತವಾದ ಮೈಕೋ ಪ್ಲಗ್ ಈ ವಂಶದ್ದೇ. ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ 2008ರಲ್ಲಿ ಬಾಷ್ ಎಂಬ ಹೆಸರನ್ನೇ ತಾಳಿತು.) ಮುಂದೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟುಗಳ ವ್ಯವಸ್ಥೆಯನ್ನು ಕ್ಯಾಡಿಲಾಕ್ ಕಾರುಗಳಿಗೆ ತಂದರು. ಬೀಟಲ್‌ನಲ್ಲಿ ಇದ್ದದ್ದು ಇದೇ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಪಾಯಿಂಟುಗಳನ್ನು ಎಮೆರಿ ಕಾಗದದಿಂದ ಉಜ್ಜಿ ಗಾಡಿ ಹೊರಡಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪಾಯಿಂಟು ಮುಚ್ಚಿರುವಾಗ ಕಾಯಿಲ್‌ನಲ್ಲಿ ವಿದ್ಯುತ್ ತುಂಬಿಕೊಳ್ಳುತ್ತದೆ. ತೆರೆದ ಕ್ಷಣ ಅದು ಸಾವಿರಾರು ವೋಲ್ಟಾಗಿ ಪ್ಲಗ್ಗಿನ ಸಂದಿಯನ್ನು ಹಾರುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಂದಿಯನ್ನು ದಾಟಲು ಎಷ್ಟು ವೋಲ್ಟೇಜ್ ಬೇಕೋ ಅಷ್ಟಕ್ಕೆ ಏರಿದ ಕೂಡಲೇ ಕಿಡಿ ಹಾರಿಬಿಡುತ್ತದೆ. ಕಾಯಿಲ್ ಡಬ್ಬಿಯ ಮೇಲೆ 40 ಸಾವಿರ ವೋಲ್ಟ್ ಎಂದು ಬರೆದಿದ್ದರೂ ಪ್ಲಗ್ಗಿಗೆ ಅದರ ಅರ್ಧ ಸಾಕಾದರೆ ಮಿಕ್ಕಿದ್ದು ಡಬ್ಬಿಯ ಮೇಲಿನ ಅಕ್ಷರವಾಗಿಯೇ ಉಳಿಯುತ್ತದೆ. ಒಲೆ ಹೊತ್ತಿಸಲು ಒಂದು ಕಡ್ಡಿ ಸಾಕು. ಹತ್ತು ಕಡ್ಡಿ ಗೀರಿದರೆ ಅನ್ನ ಬೇಗ ಬೇಯುವುದಿಲ್ಲ. ಶಕ್ತಿ ಇರುವುದು ಪೆಟ್ರೋಲಿನಲ್ಲಿ, ಕಿಡಿಯಲ್ಲಲ್ಲ.

ಹಾಗಾದರೆ ಬದಲಾವಣೆ ಪೂರ್ತಿ ವ್ಯರ್ಥವೆ? ಅಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಸೆಕೆಂಡಿಗೆ 133 ಕಿಡಿ ಬೇಕು. ಪ್ರತಿ ಕಿಡಿಗೂ ಕಾಯಿಲ್ ತುಂಬಲು ಸಿಗುವುದು ಸೆಕೆಂಡಿನ ಸಾವಿರದ ನಾಲ್ಕು ಭಾಗದಷ್ಟು ಕಾಲ. ಮಾಮೂಲು ಬೀಟಲ್ ಎಂಜಿನ್ನಿನ ಗರಿಷ್ಠ ಶಕ್ತಿ ಈ ವೇಗದ ಆಸುಪಾಸಿನಲ್ಲೇ ಬರುವುದರಿಂದ ಹಳೆಯ ಕಾಯಿಲ್ ಸಾಲುತ್ತಿತ್ತು. ಆದರೆ ಪಂದ್ಯದವರು ಎಂಜಿನ್ನಿನ ಗಾತ್ರ ಹಿಗ್ಗಿಸಿ, ಒತ್ತಡ ಏರಿಸಿ, 6,000 ಸುತ್ತಿಗೆ ಒಯ್ದಾಗ ಕಾಯಿಲ್ ಅರೆಹೊಟ್ಟೆಯಲ್ಲಿ ಉಳಿಯುತ್ತದೆ, ಪಾಯಿಂಟುಗಳು ಕುಣಿಯುತ್ತವೆ, ಎಂಜಿನ್ ಮಿಸ್ ಹೊಡೆಯುತ್ತದೆ. ಅಂಥಲ್ಲಿ ಮ್ಯಾಗ್ನೆಟೋ ಅಥವಾ ಎಲೆಕ್ಟ್ರಾನಿಕ್ ಇಗ್ನಿಷನ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಕಳೆದುಹೋಗುತ್ತಿದ್ದ ಶಕ್ತಿ ಮರಳಿ ಸಿಗುತ್ತದೆ.

ಕಿಡಿಯ ಬಲಕ್ಕಿಂತ ಮುಖ್ಯವಾದದ್ದು ಅದರ ಹೊತ್ತು. ಇದಕ್ಕೆ ಬಾಷ್ '009' ಡಿಸ್ಟ್ರಿಬ್ಯೂಟರಿನ ಕಥೆಯೇ ಸಾಕ್ಷಿ. ಬೀಟಲ್‌ನ ಮೂಲ ಡಿಸ್ಟ್ರಿಬ್ಯೂಟರುಗಳು ಕಾರ್ಬ್ಯುರೇಟರಿನ ನಿರ್ವಾತದ ಸೆಳೆತವನ್ನು ಬಳಸಿ ಕಿಡಿಯನ್ನು ಹಿಂದೆಮುಂದೆ ಮಾಡುತ್ತಿದ್ದವು. 009ರಲ್ಲಿ ಆ ಏರ್ಪಾಡಿಲ್ಲ. ತಿರುಗುವ ತೂಕದ ತುಂಡುಗಳು ಮಾತ್ರ. ಅಗ್ಗ, ಸರಳ ಎಂದು ಬಗ್ಗಿಯವರು ಇದಕ್ಕೆ ಮುಗಿಬಿದ್ದರು. ಸದಾ ಪೂರ್ತಿ ಆಕ್ಸಿಲರೇಟರ್ ಒತ್ತಿ ಓಡುವ ಪಂದ್ಯಕ್ಕೆ ಇದು ಹೊಂದುತ್ತಿತ್ತು. ಆದರೆ ಮೂಲ ಕಾರ್ಬ್ಯುರೇಟರ್ ಇಟ್ಟುಕೊಂಡು ಊರೊಳಗೆ ಓಡಾಡುವವರ ಬಗ್ಗಿ, ಆಕ್ಸಿಲರೇಟರ್ ಒತ್ತಿದೊಡನೆ ಒಂದು ಕ್ಷಣ ಮುಗ್ಗರಿಸುತ್ತಿತ್ತು. ದುಡ್ಡು ಕೊಟ್ಟು ಪಿಕಪ್ ಕಳೆದುಕೊಂಡ ಹಾಗೆ!

ಕಿಡಿಯನ್ನು ಅತಿಯಾಗಿ ಮುಂದೆ ತಂದರೆ ಇನ್ನೂ ಕಷ್ಟ. ಗಾಳಿಯಿಂದ ತಣಿಯುವ ಈ ಎಂಜಿನ್ನಿನ ಮೂರನೆಯ ಸಿಲಿಂಡರಿಗೆ ಬರುವ ಗಾಳಿಗೆ ಆಯಿಲ್ ಕೂಲರ್ ಅಡ್ಡ ನಿಂತಿತ್ತು. ಅದು ಹೆಚ್ಚು ಕಾಯುವುದರಿಂದ ಹಲವು ಡಿಸ್ಟ್ರಿಬ್ಯೂಟರುಗಳಲ್ಲಿ ಕಂಪನಿಯವರೇ ಆ ಒಂದು ಸಿಲಿಂಡರಿನ ಕಿಡಿಯನ್ನು ತುಸು ತಡವಾಗಿಸಿದ್ದರು. ಇದನ್ನು ಅರಿಯದೆ ಟೈಮಿಂಗ್ ತಿರುವಿದವರ ಪಿಸ್ಟನ್ ಸುಟ್ಟರೆ ಆಶ್ಚರ್ಯವಿಲ್ಲ.

ಬಾಹಾದಲ್ಲಿ ಮೇಯರ್ಸ್ ಗೆದ್ದದ್ದು ಹಗುರವಾದ ಮೈಯಿಂದ, ಹಿಂದಿನ ಚಕ್ರಗಳ ಮೇಲೆ ಬಿದ್ದ ಎಂಜಿನ್ನಿನ ಭಾರದಿಂದ, ಮರಳನ್ನು ಹಿಡಿಯುವ ಅಗಲ ಟೈರುಗಳಿಂದ. ನೂರಾರು ಮೈಲಿ ವರ್ಕ್‌ಶಾಪೇ ಇಲ್ಲದ ಆ ದಾರಿಯಲ್ಲಿ ಕಿಡಿಯಿಂದ ಬೇಕಾಗಿದ್ದದ್ದು ಅದು ನಿಲ್ಲದಿರುವುದು, ಅಷ್ಟೆ. ಧೂಳು ಹೊಕ್ಕ ಡಿಸ್ಟ್ರಿಬ್ಯೂಟರ್ ಕ್ಯಾಪ್ ಅಥವಾ ಸವೆದ ಪಾಯಿಂಟು ಅಲ್ಲಿ ಪ್ರಾಣಕ್ಕೇ ಎರವಾಗಬಹುದಿತ್ತು.

ಈಗ ಸ್ಕೂಟರಿನ 150 ಸಿ.ಸಿ. ಎಂಜಿನ್ ಹೊತ್ತ ಪುಟ್ಟ ಬಗ್ಗಿಗಳು ಬಂದಿವೆ. ಅವುಗಳಲ್ಲಿ ಪಾಯಿಂಟುಗಳಿಲ್ಲ, ಸಿ.ಡಿ.ಐ. ಎಂಬ ಪೆಟ್ಟಿಗೆಯಿದೆ. 'ರೇಸಿಂಗ್' ಎಂದು ಮಾರುವ ಪೆಟ್ಟಿಗೆಗಳಲ್ಲಿ ಹಲವು ಮಾಡುವುದು ಎಂಜಿನ್ನಿನ ವೇಗಕ್ಕೆ ಹಾಕಿದ್ದ ಮಿತಿಯನ್ನು ತೆಗೆಯುವ ಕೆಲಸ. ಮಿತಿ ಮುಟ್ಟುತ್ತಿದ್ದ ಗಾಡಿ ಅದರಿಂದ ಒಂದಿಷ್ಟು ಮುಂದೆ ಓಡುತ್ತದೆ, ವಾಲ್ವಿನ ಸ್ಪ್ರಿಂಗುಗಳು ತಾಳುವಷ್ಟು ದಿನ. ಮುಟ್ಟದ ಗಾಡಿಯಲ್ಲಿ ವ್ಯತ್ಯಾಸವೇ ಕಾಣದು. ಅಂಥ ಗಾಡಿ ಮಂದವಾಗಿದ್ದರೆ ಮೊದಲು ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಬೇಕು, ಆಮೇಲೆ ಕಾರ್ಬ್ಯುರೇಟರ್, ಆಮೇಲೆ ಡ್ರೈವ್ ಬೆಲ್ಟ್.