ಲಿಚ್‌ಫೀಲ್ಡಿನ ಗುಂಡುಗಳ ಲೆಕ್ಕ

ಯುದ್ಧಗಳ ಇತಿಹಾಸವನ್ನು ಬರೆಯುವವರು ಸೇನಾಪತಿಗಳ ಆಜ್ಞೆಗಳನ್ನೂ ಶಾಸನಸಭೆಗಳ ನಿರ್ಣಯಗಳನ್ನೂ ಆಧಾರವಾಗಿ ಹಿಡಿಯುವುದು ವಾಡಿಕೆ. ಆ ಸೇನೆಗಳು ಹಾರಿಸಿದ ಗುಂಡುಗಳನ್ನು ಯಾರು ಎರೆದರು, ಎಲ್ಲಿ ಎರೆದರು ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಎದ್ದರೂ ಉತ್ತರಿಸಲು ಸಾಮಗ್ರಿ ದೊರೆಯುವುದು ವಿರಳ. ಅಮೆರಿಕದ ಸ್ವಾತಂತ್ರ್ಯಯುದ್ಧಕ್ಕೆ ಸಂಬಂಧಿಸಿದ ಒಂದು ಚಿಕ್ಕ ಲೆಕ್ಕಪತ್ರ ಇದಕ್ಕೆ ಅಪವಾದವಾಗಿದೆ. ಅದು ಕನೆಕ್ಟಿಕಟ್ ಪ್ರಾಂತದ ಲಿಚ್‌ಫೀಲ್ಡ್ ಎಂಬ ಊರಿನ ಒಂದು ಮನೆಯಲ್ಲಿ ನಡೆದ ಕೆಲಸದ ಲೆಕ್ಕ. ಅದನ್ನು ಹೇಗೆ ಓದಬೇಕು, ಅದರಿಂದ ನಾವು ಏನನ್ನು ತಿಳಿಯಬಹುದು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

1766ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮುದ್ರಾಂಕ ಶಾಸನವನ್ನು ರದ್ದುಪಡಿಸಿದಾಗ ನ್ಯೂಯಾರ್ಕಿನ ಜನರು ಕೃತಜ್ಞತೆಯಿಂದ ದೊರೆ ಮೂರನೆಯ ಜಾರ್ಜನ ಪ್ರತಿಮೆಯೊಂದನ್ನು ಸ್ಥಾಪಿಸಲು ನಿಶ್ಚಯಿಸಿದರು. ಲಂಡನ್ನಿನ ಶಿಲ್ಪಿ ಜೋಸೆಫ್ ವಿಲ್ಟನ್ ಸೀಸದಲ್ಲಿ ಎರೆದು ಚಿನ್ನದ ಲೇಪ ಕೊಟ್ಟ ಆ ಅಶ್ವಾರೂಢ ಪ್ರತಿಮೆ 1770ರಲ್ಲಿ ಬೌಲಿಂಗ್ ಗ್ರೀನ್ ಎಂಬ ಬಯಲಿನಲ್ಲಿ ನಿಂತಿತು. ಆರು ವರ್ಷಗಳೊಳಗೆ ಕೃತಜ್ಞತೆ ಕ್ರೋಧಕ್ಕೆ ತಿರುಗಿತು. 1776ರ ಜುಲೈ 9ರಂದು ಸ್ವಾತಂತ್ರ್ಯ ಘೋಷಣೆಯನ್ನು ಸೈನ್ಯದ ಮುಂದೆ ಓದಲಾಯಿತು. ಅದೇ ಸಂಜೆ ಸೈನಿಕರೂ ನಾಗರಿಕರೂ ಸೇರಿ ಪ್ರತಿಮೆಯನ್ನು ಉರುಳಿಸಿದರು. ಮರುದಿನದ ಆಜ್ಞೆಯಲ್ಲಿ ವಾಷಿಂಗ್ಟನ್ನನು ಅವರ ಉತ್ಸಾಹವನ್ನು ಒಪ್ಪಿಕೊಂಡರೂ ಶಿಸ್ತಿಲ್ಲದ ನಡತೆಯನ್ನು ಆಕ್ಷೇಪಿಸಿದನು.

ಈ ಘಟನೆಯನ್ನು ಕೇವಲ ರಾಜದ್ವೇಷದ ಪ್ರದರ್ಶನವೆಂದು ಎಣಿಸುವುದು ಅರ್ಧಸತ್ಯವಾದೀತು. ವಸಾಹತುಗಳಲ್ಲಿ ಸೀಸಕ್ಕೆ ಬಹಳ ಕೊರತೆಯಿತ್ತು. ವರ್ಜೀನಿಯದ ಚಿಸ್‌ವೆಲ್ ಗಣಿಗಳಂತಹ ಕೆಲವೇ ಮೂಲಗಳನ್ನು ಬಿಟ್ಟರೆ ಹೊರಗಿನಿಂದ ಬರುವ ಲೋಹವನ್ನೇ ನಂಬಬೇಕಾಗಿತ್ತು. ಅದೇ ವರ್ಷ ನ್ಯೂಯಾರ್ಕಿನ ಮನೆಗಳ ಕಿಟಕಿಗಳಲ್ಲಿದ್ದ ಸೀಸದ ತೂಕಗಳನ್ನೂ ಯುದ್ಧಕ್ಕಾಗಿ ಕಳಚಿ ಸಂಗ್ರಹಿಸಲಾಯಿತು. ಇಂತಹ ಸಮಯದಲ್ಲಿ ಸುಮಾರು 4,000 ಪೌಂಡು ತೂಗುವುದೆಂದು ಸಮಕಾಲೀನರು ಅಂದಾಜು ಮಾಡಿದ್ದ ಪ್ರತಿಮೆ, ನಗರಮಧ್ಯದಲ್ಲಿದ್ದ ಒಂದು ಲೋಹದ ಉಗ್ರಾಣವೇ ಆಗಿತ್ತು. ಅದರ ಬಹುಭಾಗವು ಲಿಚ್‌ಫೀಲ್ಡಿನಲ್ಲಿದ್ದ ಆಲಿವರ್ ವೊಲ್ಕಾಟನ ಮನೆಯನ್ನು ಸೇರಿತು. ಈತನು ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನು. ಮುಂದೆ ಕನೆಕ್ಟಿಕಟ್ಟಿನ ಗವರ್ನರನೂ ಆದವನು.

ಗುಂಡೆರೆಯುವುದಕ್ಕೆ ದೊಡ್ಡ ಕಾರ್ಖಾನೆ ಬೇಕಾಗಿರಲಿಲ್ಲ. ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದರಿಂದ ತಿದಿಯ ಸಹಾಯವಿಲ್ಲದ ಕಟ್ಟಿಗೆಯ ಒಲೆಯೇ ಸಾಕು. ಕಬ್ಬಿಣದ ಪಾತ್ರೆಯಲ್ಲಿ ಸೀಸವನ್ನು ಕರಗಿಸಿ, ಮೇಲೆ ತೇಲುವ ಕಿಟ್ಟವನ್ನು ತೆಗೆದು, ಸೌಟಿನಿಂದ ಅಚ್ಚಿಗೆ ಹೊಯ್ಯಬೇಕು. ಅಚ್ಚೆಂದರೆ ಇಕ್ಕುಳದಂತೆ ತೆರೆದು ಮುಚ್ಚುವ, ಹಿತ್ತಾಳೆಯ ಅಥವಾ ಕಬ್ಬಿಣದ ಎರಡು ಹೋಳುಗಳು. ಅಚ್ಚು ಕಾಯುವವರೆಗೆ ಗುಂಡುಗಳ ಮೈ ಸುಕ್ಕಾಗುವುದರಿಂದ ಮೊದಲ ಕೆಲವನ್ನು ಮರಳಿ ಪಾತ್ರೆಗೆ ಹಾಕುವರು. ಗುಂಡಿನ ಮೇಲೆ ಉಳಿಯುವ ಬಾಲವನ್ನು ಕತ್ತರಿಸಿ ನುಣುಪು ಮಾಡುವುದು ಮುಂದಿನ ಕೆಲಸ. ಒದ್ದೆ ಲೋಹವೋ ನೀರಿನ ಹನಿಯೋ ಕರಗಿದ ಸೀಸದೊಳಗೆ ಹೋದರೆ ನೀರು ಕ್ಷಣದಲ್ಲಿ ಆವಿಯಾಗಿ ಕುದಿಲೋಹವನ್ನು ಮೈಮೇಲೆ ಸಿಡಿಸುತ್ತದೆ. ಸೀಸದ ಹೊಗೆ, ಧೂಳುಗಳು ವಿಶೇಷವಾಗಿ ಮಕ್ಕಳ ನರಮಂಡಲಕ್ಕೆ ಮಾರಕವೆಂಬುದನ್ನು ಇಂದು ನಾವು ಬಲ್ಲೆವು.

ವೊಲ್ಕಾಟನ ಕಾಗದಪತ್ರಗಳಲ್ಲಿ ಉಳಿದುಬಂದ ಲೆಕ್ಕ ಹೀಗಿದೆ: ಶ್ರೀಮತಿ ಮಾರ್ವಿನ್ 6,058, ರೂತ್ ಮಾರ್ವಿನ್ 11,592, ಲಾರಾ ವೊಲ್ಕಾಟ್ 8,378, ಮೇರಿ ಆನ್ ವೊಲ್ಕಾಟ್ 10,790, ಫ್ರೆಡರಿಕ್ ವೊಲ್ಕಾಟ್ 936, ಶ್ರೀಮತಿ ಬೀಚ್ 1,802, ಇತರ ಹಲವರು 2,182, ಊರಿನ ದಳಕ್ಕೆ ಕೊಟ್ಟದ್ದು 50, ಕರ್ನಲ್ ವಿಗಲ್ಸ್‌ವರ್ತನ ರೆಜಿಮೆಂಟಿಗೆ ಕೊಟ್ಟದ್ದು 300. ಒಟ್ಟು 42,088.

ಕೂಡಿ ನೋಡಿದರೆ ಮೊತ್ತ ಸರಿಯಾಗಿದೆ. ಆದರೆ ಕೊನೆಯ ಎರಡು ಬಾಬುಗಳು ತಯಾರಿಕೆಯನ್ನಲ್ಲ, ವಿತರಣೆಯನ್ನು ಸೂಚಿಸುತ್ತವೆ. ಆದ್ದರಿಂದ ತಯಾರಿಸಿದವರ ಹೆಸರಿನಲ್ಲಿರುವುದು 41,738 ಮಾತ್ರ. ಎರಡನೆಯದಾಗಿ, ಪತ್ರದಲ್ಲಿ ಎಣಿಸಿರುವುದು ಬರಿಯ ಗುಂಡುಗಳನ್ನಲ್ಲ, ತೋಟಾಗಳನ್ನು. ಎಂದರೆ ಎರೆದ ಗುಂಡನ್ನು ಮದ್ದಿನೊಡನೆ ಕಾಗದದಲ್ಲಿ ಸುತ್ತಿ ಬಾಯಿ ಮಡಿಚುವ ಕೆಲಸವೂ ಇದರಲ್ಲಿ ಸೇರಿದೆ. ಗುಂಡೊಂದು ಸುಮಾರು ಒಂದು ಔನ್ಸ್ ಎಂದು ಹಿಡಿದರೆ 42,088 ಗುಂಡುಗಳಿಗೆ 2,630 ಪೌಂಡು ಸೀಸ ಸಾಕು. ಪ್ರತಿಮೆಯೆಲ್ಲವೂ ಲಿಚ್‌ಫೀಲ್ಡನ್ನು ಮುಟ್ಟಲಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯಗಳೂ ಇವೆ. ಅದರ ತಲೆಯನ್ನು ಬ್ರಿಟಿಷ್ ಪಕ್ಷದವರು ಪಡೆದು ಇಂಗ್ಲೆಂಡಿಗೆ ಕಳುಹಿಸಿದರು; ಕನೆಕ್ಟಿಕಟ್ಟಿನ ವಿಲ್ಟನ್ ಎಂಬ ಊರಿನ ನೆಲದಲ್ಲಿ (ಊರಿಗೂ ಶಿಲ್ಪಿಗೂ ಸಂಬಂಧವಿಲ್ಲ) ಕುದುರೆಯ ಬಾಲವೂ ಇತರ ತುಂಡುಗಳೂ ಮುಂದೆ ದೊರೆತವು.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹೆಸರಿಸಿರುವ ಐವರು ಸ್ತ್ರೀಯರ ಪಾಲು 38,620. ಇದು ತಯಾರಾದುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು. ಲಾರಾ 1761ರಲ್ಲಿಯೂ, ಮೇರಿ ಆನ್ 1765ರಲ್ಲಿಯೂ, ಫ್ರೆಡರಿಕ್ 1767ರಲ್ಲಿಯೂ ಹುಟ್ಟಿದವರು. ಎಂದರೆ ಹತ್ತು ಸಾವಿರಕ್ಕೂ ಮೇಲ್ಪಟ್ಟು ತೋಟಾ ಮಾಡಿದ ಮೇರಿ ಆನ್‌ಗೆ ಆಗ ಹನ್ನೊಂದು ವರ್ಷ. ಮನೆಯ ಹಣ್ಣಿನ ತೋಟದ ಕೊಟ್ಟಿಗೆಯಲ್ಲಿ ವೊಲ್ಕಾಟನು ಪ್ರತಿಮೆಯನ್ನು ಕೊಡಲಿಯಿಂದ ಕಡಿದುಕೊಟ್ಟನೆಂದೂ, ಹುಡುಗಿಯರು ನಲಿದಾಡುತ್ತ ಗುಂಡೆರೆದರೆಂದೂ ಆ ಕುಟುಂಬದ ನಂತರದ ನೆನಪು ಹೇಳುತ್ತದೆ. ನಲಿವು ಇದ್ದಿರಲಾರದೆಂದು ನಾವು ವಾದಿಸುವುದಿಲ್ಲ. ಆದರೆ ಕಾಗದ ಸುತ್ತುವುದು, ಮದ್ದು ತುಂಬುವುದು, ಬಾಯಿ ಮಡಿಚುವುದು, ಇಷ್ಟನ್ನೂ ರೂತ್ ಮಾರ್ವಿನ್ 11,592 ಸಲ ಮಾಡಿದಳು. ಇದನ್ನು ಆಟವೆನ್ನುವುದು ನೆನಪಿನ ಮಾತು. ಶ್ರಮವೆನ್ನುವುದು ಲೆಕ್ಕಪತ್ರದ ಮಾತು. ಎರಡು ಆಧಾರಗಳು ಹೀಗೆ ಭಿನ್ನವಾದಾಗ ಇತಿಹಾಸಕಾರನು ನೆನಪನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಅಂಕಿಗಳ ಪಕ್ಕದಲ್ಲಿಟ್ಟು ಅದನ್ನು ಓದತಕ್ಕದ್ದು.

ಹತ್ತೊಂಬತ್ತನೆಯ ಶತಮಾನದ ಚಿತ್ರಕಾರರು ಪ್ರತಿಮೆ ಉರುಳುವ ಗಳಿಗೆಯನ್ನೇ ಚಿತ್ರಿಸಿದರು. ಪಠ್ಯಪುಸ್ತಕಗಳೂ ಅದನ್ನೇ ಹೇಳಿದವು. ಉರುಳಿಸುವ ಕೆಲಸ ಒಂದು ಸಂಜೆಯಲ್ಲಿ ಮುಗಿದಿತ್ತು. ಅದನ್ನು ಯುದ್ಧದ ಉಪಯೋಗಕ್ಕೆ ತಂದವರು ಒಲೆಯ ಮುಂದೆ ಕುಳಿತ ಕೆಲವರು ಹೆಂಗಸರು ಮತ್ತು ಮಕ್ಕಳು. ತಮ್ಮ ಬಗ್ಗೆ ಅವರು ಏನನ್ನೂ ಬರೆದಿಡಲಿಲ್ಲ. ಲೆಕ್ಕವಿಟ್ಟ ಮನೆಯ ಯಜಮಾನನು ಒಟ್ಟು ಮೊತ್ತವನ್ನಷ್ಟೇ ಬರೆದು ಸುಮ್ಮನಾಗಿದ್ದರೆ ಈ ಹೆಸರುಗಳು ನಮಗೆ ದೊರೆಯುತ್ತಿರಲಿಲ್ಲ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಕಡತವನ್ನು ಎಸೆಯುವ ಮುನ್ನ ಒಮ್ಮೆ ತೆರೆದು ನೋಡಬೇಕೆಂದು ನಮ್ಮ ವಿದ್ಯಾರ್ಥಿಗಳಿಗೆ ಹೇಳಲು ಇದಕ್ಕಿಂತ ಉತ್ತಮ ನಿದರ್ಶನ ಬೇಕಾಗಿಲ್ಲ.